ಕಪ್ಪು ಪರದೆಯ ಮೇಲೆ ಸೀರೆಯ ದಡಿ

ಇಳಕಲ್ಲಿನಲ್ಲಿ ಅರ್ಷದನ ಡಿಸೈನ್ ಅಂಗಡಿ. ಸೀರೆಯ ಅಂಚಿನ ದಡಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ ಅಲ್ಲಿ ಮಹೇಶ್ವರಿಯದು. ಹುಬ್ಬಳ್ಳಿಯಲ್ಲಿ ಕಲಿತು, ಮದುವೆಯಾಗಿ ಈ ಊರಿಗೆ ಬಂದವಳು. ಬಿಳಿ ಚೌಕಗಳ ಪರದೆಯಲ್ಲಿ ಅವಳು ಕಪ್ಪು ತುಂಬಿದಲ್ಲಿ ಮಗ್ಗಕ್ಕೆ ಹಾಕುವ ರಟ್ಟಿನ ಕಾರ್ಡಿಗೆ ಯಂತ್ರ ತೂತು ಹೊಡೆಯುತ್ತದೆ. ತೂತು ಬಿದ್ದಲ್ಲಿ ಮಗ್ಗದ ಎಳೆ ಏಳುತ್ತದೆ, ಎಳೆ ಎದ್ದಲ್ಲಿ ಹೂವು ಮೂಡುತ್ತದೆ. ಒಂದು ಚೌಕ ತಪ್ಪಿದರೆ ಇಡೀ ದಡಿ ಸೊಟ್ಟ.

ಹೋದ ವರ್ಷ ಚೌಕಗಳು ತಪ್ಪತೊಡಗಿದವು. ಬಾಗಲಕೋಟೆಯ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣಿನ ನರ ಸವೆದು ಅಂಚಿನ ನೋಟ ಹೋಗಿದೆ. ಹೋದದ್ದು ಬಾರದು, ಉಳಿದದ್ದನ್ನು ಹನಿ ಹಾಕಿ ಕಾಯಬೇಕು. ಮಹೇಶ್ವರಿಯ ಬಾಯಿಂದ ಬಂದದ್ದು ಒಂದೇ ಮಾತು: "ನನ್ನ ಮಗಳಿಗೂ ಬರತೈತೇನ್ರಿ?"

ನಾಲ್ಕು ವರ್ಷದ ಪ್ರಿಯದರ್ಶಿನಿಯ ಕಣ್ಣನ್ನೂ ನೋಡಿದರು. ಈಗೇನೂ ಇಲ್ಲ, ಆಗಾಗ ತೋರಿಸುತ್ತಿರಿ ಎಂದರು. ಆದರೂ ಬಸ್ಸು ಹುನಗುಂದ ದಾಟುವವರೆಗೆ ಮಹೇಶ್ವರಿ ನಿದ್ದೆ ಹೋದ ಮಗುವಿನ ರೆಪ್ಪೆಗಳನ್ನೇ ನೋಡುತ್ತಿದ್ದಳು.

"ಸಾಕು ಬಿಡು ಆ ಕೆಲಸ. ಮನ್ಯಾಗ ಆರಾಮ ಇರು," ಎಂದ ಗಂಡ ಅಮರೇಶ.

"ನಾಳೆ ಇಕಿಗೂ ಹಿಂಗಾದ್ರ, ಇಕಿಗೂ ಮನ್ಯಾಗ ಕುಂಡ್ರು ಅಂತೀರೇನು?"

ಅಮರೇಶ ಮಗಳ ಕಡೆ ನೋಡಿದ.

ಅರ್ಷದ ಒಳ್ಳೆಯ ಮನಸ್ಸಿನಿಂದಲೇ ಟೀವಿಯಷ್ಟು ದೊಡ್ಡ ಪರದೆ ತಂದ. "ಈಗ ಒಂದೊಂದು ಚೌಕ ರೊಟ್ಟಿಯಷ್ಟು ಕಾಣತೈತಿ, ಅಕ್ಕಾ!" ಕಂಡಿತು, ಆದರೆ ಬರೀ ನಡುವಿನದು. ಹೂವು ಹಿಗ್ಗಿದಷ್ಟೂ ಅದರ ದಳಗಳು ಅವಳ ನೋಟದ ಆಚೆ ಜಾರಿದವು. ಬಿಳಿಯ ಬೆಳಕೋ, ಸುಣ್ಣದ ಗೋಡೆಗೆ ಬಿದ್ದ ಮಧ್ಯಾಹ್ನದ ಬಿಸಿಲಿನಂತೆ ಕಣ್ಣಿಗೆ ಚುಚ್ಚಿತು.

ಅವಳು ಹಳೆಯ ಪರದೆಯನ್ನೇ ಬಾಗಿಲಿನ ಬೆಳಕು ಬೀಳದಂತೆ ತಿರುಗಿಸಿಟ್ಟಳು. ಹೊಳಪು ತಗ್ಗಿಸಿದಳು. ಚಿತ್ರವನ್ನು ಕುಗ್ಗಿಸಿ ನಡುವಿಗೆ ತಂದಳು, ಮೌಸಿನ ಬಾಣದ ಗುರುತನ್ನು ದಪ್ಪ ಮಾಡಿದಳು. ಕಡೆಗೆ ಬಿಳಿಯನ್ನೆಲ್ಲ ಕಪ್ಪಾಗಿಸಿ, ಹೂವನ್ನು ಬಿಳಿ ಮಾಡಿದಳು. ಬೇವಿನ ನೆರಳಿಗೆ ಬಂದಂತಾಯಿತು.

"ಮದುವಿ ಸೀರಿ ಅಕ್ಕಾ, ಕರಿ ಮ್ಯಾಲ ಸುರು ಮಾಡ್ತೀರೇನು?" ಎಂದ ಅರ್ಷದ, ಪರದೆ ಇಣುಕಿ.

"ಚಂದ್ರಕಾಳಿ ಅಂತ ಕರಿ ಸೀರಿ ಮಾರೂಮುಂದ ಅಪಶಕುನ ನೆನಪಾಗಲಿಲ್ಲೇನ್ರಿ ನಿಮಗ?"

ಅರ್ಷದ ನಕ್ಕ. ಆದರೆ ಕಾರ್ಡು ಮಗ್ಗಕ್ಕೆ ಹೋದ ಮೇಲೆ ನೇಕಾರ ಪಾಂಡಪ್ಪ ಮಾದರಿ ತುಂಡು ಹಿಡಿದು ಬಂದ.

"ಏನವಾ ಮಹೇಶ್ವರಿ, ಹೂವು ಪರ ಊರಿಗೆ ಹೋಗ್ಯಾವೇನು? ಹೂವಿನ ಜಾಗಾ ಖಾಲಿ, ಖಾಲಿ ಜಾಗಾ ತುಂಬ ನೂಲು!"

ಅವಳು ಚಿತ್ರವನ್ನು ಮತ್ತೆ ತೆರೆದು ನೋಡಿದಳು. ಕಪ್ಪಾಗಿಸಿದ್ದು ಪರದೆಯನ್ನಲ್ಲ, ಚಿತ್ರವನ್ನೇ. ಕಾರ್ಡಿನ ಯಂತ್ರಕ್ಕೇನು ಗೊತ್ತು, ಕಪ್ಪು ಕಂಡಲ್ಲೆಲ್ಲ ತೂತು ಹೊಡೆದಿತ್ತು.

"ಇದೊಂದು ಬ್ಯಾರೇದವರ ಕಡೆ ಮಾಡಸ್ತೀನಿ, ಅಕ್ಕಾ," ಎಂದ ಅರ್ಷದ ಮೆಲ್ಲಗೆ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇದೊಂದು ಹೋದರೆ ಮುಂದಿನದೂ ಹೋದಂತೆಯೇ.

"ಬ್ಯಾಡ್ರಿ. ತಪ್ಪು ನಂದು, ತಿದ್ದಾಕಿನೂ ನಾನ."

ಚಿತ್ರವನ್ನು ಮೊದಲಿನಂತೆ ಬಿಳಿ ನೆಲಕ್ಕೆ ತಂದಳು. ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು ನೋಡಿದಳು. ನೋಡುವ ಬಣ್ಣ ಮಾತ್ರ ತಿರುವುಮುರುವಾಗುವ ಸೆಟ್ಟಿಂಗ್ ಕೊನೆಗೂ ಸಿಕ್ಕಿತು. ನಂಬಿಕೆ ಸಾಲದೆ ಕಾಗದಕ್ಕೆ ಅಚ್ಚು ತೆಗೆದಳು: ಪರದೆಯಲ್ಲಿ ನೆಲ ಕಪ್ಪು, ಕಾಗದದಲ್ಲಿ ಬಿಳಿ. ಅಂಚು ಕಾಣದ ಕಣ್ಣಿಗೆ ಇನ್ನೊಂದು ಉಪಾಯ ಬೇಕಿತ್ತು. ಚಿತ್ರದ ಎಡಕ್ಕೂ ಬಲಕ್ಕೂ ಕಾರ್ಡಿಗೆ ಹೋಗದ ಒಂದೊಂದು ದಪ್ಪ ಗೆರೆ ಎಳೆದಳು. ಸಾಲು ಸಾಲಿಗೂ ಕುತ್ತಿಗೆ ಹೊರಳಿಸಿ, ಬಾಣ ಎರಡೂ ಗೆರೆಗಳನ್ನು ಮುಟ್ಟುವತನಕ ಮುಂದಿನ ಸಾಲಿಗೆ ಇಳಿಯಲಿಲ್ಲ. ಕೆಲಸ ನಿಧಾನವಾಯಿತು, ಆದರೆ ತಪ್ಪಲಿಲ್ಲ.

ಪಾಂಡಪ್ಪ ಹೊಸ ಮಾದರಿ ಹಿಡಿದು ಮತ್ತೆ ಬಂದ. ಸೀರೆಯ ಎರಡೂ ಬದಿಯ ದಡಿಗಳನ್ನು ಒಂದರ ಮೇಲೊಂದು ಮಡಿಚಿ ಬೆಳಕಿಗೆ ಹಿಡಿದ. ಹೂವಿನ ಮೇಲೆ ಹೂವು ಕೂತಿತ್ತು.

"ಕೂಡ್ತು ನೋಡವಾ," ಎಂದ.

ಅರ್ಷದ ಮುಂದಿನ ಸೀರೆಯ ಕೆಲಸವನ್ನು ಅವಳ ಮೇಜಿಗೇ ತಂದಿಟ್ಟ. "ಸೋಮವಾರಕ್ಕ ಬೇಕು, ಅಕ್ಕಾ."

"ಬುಧವಾರ ಕೊಡ್ತೇನ್ರಿ. ಸೋಮವಾರ ಮಗಳನ್ನ ಕರ್ಕೊಂಡು ಬಾಗಲಕೋಟಿ ದವಾಖಾನಿಗೆ ಹೋಗ್ತೇನಿ," ಎಂದಳು ಮಹೇಶ್ವರಿ, ಪರದೆಯಿಂದ ಮುಖ ತಿರುಗಿಸದೆ.