ನಾಲ್ಕು ಗಂಟೆಯ ಫೋನು

ದೆವ್ವ, ಪಿಶಾಚಿ, ಸತ್ತವರ ಧ್ವನಿ, ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ಬಹಳ ವರ್ಷ ತಿಳಿದಿದ್ದವನು ನಾನು. ಸೊಲ್ಲಾಪುರದ ಗಿರಣಿಯೊಂದರಲ್ಲಿ ಕಾವಲುಗಾರರ ಮೇಲ್ವಿಚಾರಕನಾಗಿದ್ದೆ. ಹಳೆಯ ಮಗ್ಗದ ಶೆಡ್ಡಿನಲ್ಲಿ ಯಾರೋ ಓಡಾಡುತ್ತಾರೆ, ಅಲ್ಲಿ ಡ್ಯೂಟಿ ಬೇಡ ಎಂದು ಹುಡುಗರು ಬಂದರೆ, ‘ಸತ್ತವರು ರಜೆ ಕೇಳೂದಿಲ್ಲ, ನಿನಗಿಂತ ಅವರs ವಾಸಿ’ ಎಂದು ಬೈದು ಕಳಿಸುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಾನಾದರೂ ನಗುತ್ತಿದ್ದೆ.

ಗಿರಣಿ ಮುಚ್ಚಿದ ಮೇಲೆ ಒಂದು ಪರಿಹಾರ ಸಂಸ್ಥೆಯವರು ನನ್ನನ್ನು ಕರೆದುಕೊಂಡರು. ನೆರೆ, ರೋಗ, ಬೆಂಕಿ ಬಿದ್ದ ಕಡೆ ಅಕ್ಕಿ, ಕಂಬಳಿ, ಔಷಧ ಹಂಚುವುದು ಅವರ ಕೆಲಸ. ಹಂಚಲು ಹೋದವರು ಸುರಕ್ಷಿತವಾಗಿ ತಿರುಗಿ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆಂದು ಪುಣೆಯ ಹೋಟೆಲಿನಲ್ಲಿ ಮೂರು ದಿನ ತರಬೇತಿ ಕೊಟ್ಟರು. ಪರದೆಯ ಮೇಲೆ ಎಲ್ಲೆಲ್ಲಿಯದೋ ಯುದ್ಧದ ಚಿತ್ರ, ನೆಲಬಾಂಬು, ಗುಂಡು ಹಾರಿದಾಗ ಹೇಗೆ ಮಲಗಬೇಕು ಎಂಬ ಪಾಠ. ನಮ್ಮ ಅಕ್ಕಲಕೋಟ ತಾಲೂಕಿನಲ್ಲಿ ಅಪಾಯ ಬೇರೆ ರೂಪದಲ್ಲಿ ಇರುತ್ತದೆ. ಯಾದಿಯಲ್ಲಿ ಹೆಸರಿಲ್ಲದವರು ಸಿಟ್ಟಿಗೆದ್ದು ಗಾಡಿಯ ಕೀಲಿ ಕಸಿದು, ನಮ್ಮವರನ್ನು ಚಾವಡಿಯಲ್ಲಿ ಸಂಜೆತನಕ ಕೂರಿಸಿದ್ದುಂಟು. ಕುಡುಕರುಂಟು, ನಾಯಿಗಳುಂಟು, ಮಳೆಗಾಲದ ಹಳ್ಳಗಳುಂಟು. ಅವುಗಳ ಬಗ್ಗೆ ಆ ಹೋಟೆಲಿನಲ್ಲಿ ಯಾರೂ ಒಂದು ಮಾತು ಆಡಲಿಲ್ಲ.

ಪುಣೆಯ ಮುಖ್ಯ ಕಚೇರಿಯಲ್ಲಿದ್ದ ನಮ್ಮ ಸಾಹೇಬರ ಗಾಡಿ ಎಲ್ಲಿದೆ ಎಂದು ತೋರಿಸುವ ಯಂತ್ರವೊಂದಿತ್ತು. ನಮ್ಮ ಹುಡುಗರಿಗೆ ಇದ್ದದ್ದು ನನ್ನ ಮೇಜಿನ ಫೋನು ಮತ್ತು ಒಂದು ರಿಜಿಸ್ಟರು. ಹೊರಗೆ ಹೋದವರು ಎರಡು ತಾಸಿಗೊಮ್ಮೆ ಅಕ್ಕಲಕೋಟದ ನಮ್ಮ ಆಫೀಸಿಗೆ ಫೋನು ಮಾಡಬೇಕು. ಎಲ್ಲಿದ್ದೇವೆ, ಎಷ್ಟು ಜನ ಇದ್ದೇವೆ, ಮುಂದೆ ಎಲ್ಲಿಗೆ, ಮೂರೇ ಮಾತು. ನಮ್ಮ ಆಡುಮಾತು ಕನ್ನಡವಾದರೂ ಪುಣೆಯವರು ಓದಬೇಕಾದ್ದರಿಂದ ನಾನು ಅದನ್ನು ಮರಾಠಿಯಲ್ಲಿ ಬರೆದುಕೊಳ್ಳಬೇಕು. ಫೋನು ಬರದಿದ್ದರೆ ಗಾಡಿ ಹತ್ತಿ ನಾನೇ ಹುಡುಕಲು ಹೊರಡಬೇಕು.

ಒಂದು ಮಾತು ಮುಚ್ಚಿಡುವುದಿಲ್ಲ. ಕೆಲಸ ಕಡಿಮೆ ಇದ್ದ ದಿನಗಳಲ್ಲಿ ನಾನು ಬೆಳಿಗ್ಗೆಯೇ ಇಡೀ ದಿನದ ಸಾಲುಗಳನ್ನು ‘ಸರ್ವ ಸುಖರೂಪ್’, ಅಂದರೆ ಎಲ್ಲರೂ ಕ್ಷೇಮ, ಎಂದು ತುಂಬಿಬಿಡುತ್ತಿದ್ದೆ. ಎಲ್ಲ ಆಫೀಸುಗಳಲ್ಲೂ ಹೀಗೆಯೇ ನಡೆಯುತ್ತದೆ. ಒಮ್ಮೆ ಮಧ್ಯಾಹ್ನ ಹನ್ನೆರಡಕ್ಕೆ ತಪಾಸಣೆಗೆ ಬಂದ ಸಾಹೇಬರು ಆರು ಗಂಟೆಯ ಸಾಲು ತುಂಬಿದ್ದನ್ನು ನೋಡಿ ಮೆಮೋ ಕೊಟ್ಟರು. ಅಂದಿನಿಂದ ಹಾಗೆ ಮಾಡಲಿಲ್ಲ. ಆದರೆ ಆ ಮೆಮೋ ಫೈಲಿನಲ್ಲಿ ಉಳಿಯಿತು.

ಕೆಲವು ವರ್ಷಗಳ ಹಿಂದೆ ಮಳೆ ಹುಚ್ಚೆದ್ದು ಹೊಡೆದಿತ್ತು. ಮೈಂದರ್ಗಿಯ ಆಚೆ ಕುರಿಗಾರರ ಹಟ್ಟಿಗಳು ಕೊಚ್ಚಿಹೋಗಿದ್ದವು. ಅಲ್ಲಿಗೆ ಹೊರಟವಳು ಶಿವಲೀಲಾ, ನಮ್ಮೆಲ್ಲರ ಬಾಯಲ್ಲಿ ಲೀಲಾ. ವಾಗದರಿಯ ಹುಡುಗಿ, ಇಪ್ಪತ್ತಾರು ವರ್ಷ, ಒಂದು ಮಾತಿಗೆ ಎರಡು ಮಾತು ಜೋಡಿಸುವವಳು. ಗಾಡಿ ಓಡಿಸುವವನು ರಸೂಲ್‌ಭಾಯಿ. ಹೊರಡುವಾಗ ಮಳೆ ಅಂಗಿ ತೊಟ್ಟು ನನ್ನ ಬಾಗಿಲಿಗೆ ಬಂದು, ‘ಕಾಕಾ, ನೀವು ಕುಂತು ಕುಂತು ರಿಜಿಸ್ಟರ್ ಆಗಿಬಿಟ್ಟೀರಿ ನೋಡ್ರಿ. ಒಮ್ಮೆ ನಮ್ಮ ಜೋಡಿ ಬರ್ರಿ’ ಎಂದಳು. ‘ನಾ ಬಂದ್ರ ನಿನ್ನ ಫೋನ್ ಯಾರು ಎತ್ತಬೇಕವ್ವಾ?’ ಎಂದೆ. ಹಳ್ಳದ ಸೇತುವೆಯ ಕಲ್ಲಿಗೆ ಬಿಳಿ ಗೆರೆ ಬಳಿದಿದೆ, ನೀರು ಅದರ ಮೇಲಿದ್ದರೆ ದಾಟಕೂಡದು ಎಂದು ಮತ್ತೆ ಹೇಳಿದೆ. ‘ನೂರಾ ಒಂದನೇ ಸಲ ಹೇಳಾಕತ್ತೀರಿ’ ಎಂದು ನಗುತ್ತ ಹೋದಳು.

ಹತ್ತಕ್ಕೆ ಫೋನು ಬಂತು. ಹನ್ನೆರಡಕ್ಕೆ ಬಂತು. ಎರಡಕ್ಕೂ ಬಂತು. ನೀರು ಗೆರೆಯ ಮೇಲಿದೆ, ಈಚೆ ದಂಡೆಯಲ್ಲೇ ನಿಂತಿದ್ದೇವೆ ಎಂದಳು. ಅದನ್ನು ಬರೆದುಕೊಂಡೆ.

ನಾಲ್ಕಕ್ಕೆ ನಾನು ಫೋನು ಎತ್ತಿದೆ. ಎದುರಿಗೆ ಗೋಡೆಯ ಗಡಿಯಾರವಿತ್ತು. ಆಫೀಸು ಗುಡಿಸುವ ಗಂಗೂಬಾಯಿ ಬಾಗಿಲಲ್ಲಿ ಒದ್ದೆ ನೆಲ ಒರೆಸುತ್ತಿದ್ದಳು. ಲೀಲಾಳ ಧ್ವನಿ ಸ್ಪಷ್ಟವಾಗಿತ್ತು. ಮಳೆಯ ಸದ್ದು, ಗಾಡಿಯ ಸದ್ದು ಏನೂ ಇರಲಿಲ್ಲ.

‘ಕಾಕಾ, ನಾವು ಇಬ್ರೂ ಆರಾಮ ಅದೀವ್ರಿ. ಹಳ್ಳ ದಾಟಿಲ್ಲ. ನೀವು ಬರಬ್ಯಾಡ್ರಿ.’

‘ನಾ ಯಾಕ ಬರಲೆವ್ವಾ?’ ಎಂದೆ. ಉತ್ತರ ಬರಲಿಲ್ಲ. ಲೈನು ಕಡಿದುಹೋಯಿತು ಎಂದುಕೊಂಡು, ಹೇಳಿದ್ದನ್ನು ಬರೆದುಕೊಂಡು ಚಹಾ ತರಿಸಿದೆ.

ಆರಕ್ಕೆ ಫೋನು ಬರಲಿಲ್ಲ. ನಾನೇ ಮಾಡೋಣವೆಂದು ಎತ್ತಿದರೆ ಆ ಫೋನಿನಲ್ಲಿ ಜೀವವೇ ಇರಲಿಲ್ಲ. ನನ್ನ ಮೊಬೈಲಿನಿಂದ ಮಾಡಿದರೆ ಅವಳದು ಬಂದ್. ರಸೂಲ್‌ನದೂ ಬಂದ್. ತಹಸೀಲ ಕಚೇರಿಗೆ ತಿಳಿಸಿ ಗಾಡಿ ಹತ್ತಿ ಹೊರಟೆ. ಮೈಂದರ್ಗಿ ದಾರಿಯಲ್ಲಿ ಜನ ಕಂದೀಲು, ಬ್ಯಾಟರಿ ಹಿಡಿದು ನಿಂತು ಎಲ್ಲರನ್ನೂ ತಡೆಯುತ್ತಿದ್ದರು. ಲೀಲಾ ಹೇಳಿದ ಹಳ್ಳಕ್ಕಿಂತ ಈಚೆಗೇ ಇದ್ದ ಅಲ್ಲಿನ ಸಣ್ಣ ಸೇತುವೆ ಐದಕ್ಕೆ ಮೊದಲೇ ಕುಸಿದಿತ್ತು. ಮೇಲೆ ನೀರು ಹರಿಯುತ್ತಿತ್ತು, ಕೆಳಗೆ ಸೇತುವೆ ಇರಲಿಲ್ಲ. ನೋಡಿದವರಿಗೆ ರಸ್ತೆ ಇದೆ ಎಂದೇ ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಸುತ್ತು ಹಾಕಿ ಆಚೆ ಮುಟ್ಟಿದೆವು. ರಸೂಲ್‌ಭಾಯಿಯನ್ನು ಕುರಿಗಾರರು ಜಾಲಿಗಿಡದಿಂದ ಬಿಡಿಸಿ, ಕಂಬಳಿ ಹೊದಿಸಿ ಬೀರೋಬನ ಗುಡಿಯಲ್ಲಿ ಕೂರಿಸಿದ್ದರು. ಲೀಲಾ ಅರ್ಧ ಮೈಲು ಕೆಳಗೆ ಸಿಕ್ಕಳು. ಮಳೆ ಅಂಗಿಯ ಗುಂಡಿಗಳೆಲ್ಲ ಹಾಕಿದ ಹಾಗೇ ಇದ್ದವು.

‘ನಾ ಬ್ಯಾಡಂದೆ, ಬೇಟಿನೂ ಬ್ಯಾಡಂದ್ಲು’ ಎಂದ ರಸೂಲ್. ‘ಎರಡೂವರಿಗೆ ಪುಣೆ ಸಾಹೇಬ್ರು ಆಕಿಗೇ ಫೋನ್ ಮಾಡಿದ್ರು. ಇವತ್ತs ಹಂಚ್ರಿ, ಸಂಜಿಗೆ ಫೋಟೋ ಬೇಕು ಅಂದ್ರು. ನೀರು ಒಂಚೂರು ಇಳದಂಗ ಕಾಣ್ತು. ಹಳ್ಳದ ನಡುವ ಹೋಗಿ ಗಾಡಿ ಬಂದ್ ಬಿತ್ತು.’

‘ಎಷ್ಟೊತ್ತಿಗಿ?’

‘ಮೂರು ಹೊಡದಿರಲಿಲ್ಲ ಸಾಹೇಬ.’

ನಾಲ್ಕಕ್ಕೆ ಫೋನು ಮಾಡಿದ್ದಳಲ್ಲ ಎಂದೆ. ರಸೂಲ್ ನನ್ನ ಮುಖ ನೋಡಿದ.

ಆಮೇಲೆ ಒಂದೊಂದೇ ತಿಳಿಯಿತು. ಜೀವ ಹೋದದ್ದು ಮೂರರ ಆಸುಪಾಸು ಎಂದು ಡಾಕ್ಟರರೂ ಹೇಳಿದರು. ಅವಳ ಮೊಬೈಲು ಆಗಲೇ ನಿಂತಿತ್ತು. ನಮ್ಮ ಆಫೀಸಿನ ಲೈನು ಎರಡೂವರೆಗೆ ಕಂಬ ಬಿದ್ದು ಸತ್ತಿತ್ತು, ಮೂರನೆಯ ದಿನ ಸರಿಯಾಯಿತು. ಗಂಗೂಬಾಯಿಯನ್ನು ಕೇಳಿದೆ. ‘ನೀವು ಫೋನ್ ಹಿಡದು ಮಾತಾಡಿದ್ದು ನೋಡೀನ್ರಿ. ಗಂಟಿ ಹೊಡದದ್ದು ಮಾತ್ರ ನಾ ಕೇಳಿಲ್ಲ’ ಎಂದಳು. ಗಂಟೆ ಹೊಡೆದಿತ್ತೇ? ಎಷ್ಟು ನೆನಪು ಮಾಡಿಕೊಂಡರೂ ಫೋನು ಎತ್ತಿದ್ದು ನೆನಪಿದೆ, ಗಂಟೆ ನೆನಪಿಲ್ಲ.

ವಿಚಾರಣೆಗೆ ಪುಣೆಯಿಂದ ಅದೇ ಸಾಹೇಬರು ಬಂದರು. ಎರಡೂವರೆಯ ಫೋನಿನ ಸುದ್ದಿ ಅವರು ಎತ್ತಲಿಲ್ಲ, ಎತ್ತಿದ ರಸೂಲ್‌ನಿಗೆ ‘ಆಘಾತವಾಗಿದೆ, ವಿಶ್ರಾಂತಿ ತಗೋ’ ಎಂದರು. ರಿಜಿಸ್ಟರು ತೆರೆದು ನಾಲ್ಕರ ಸಾಲಿನ ಮೇಲೆ ಬೆರಳಿಟ್ಟು, ‘ಹೇ ಕಾಯ್ ಲಿಹಿಲಂಯ್?’, ಇದೇನು ಬರೆದಿದ್ದೀ, ಎಂದು ಕೇಳಿದರು. ಆಗಲೇ ನಾನೂ ಸರಿಯಾಗಿ ನೋಡಿದ್ದು. ಇಡೀ ಪುಸ್ತಕ ಮರಾಠಿಯಲ್ಲಿತ್ತು. ಆ ಒಂದು ಸಾಲು ಮಾತ್ರ ಕನ್ನಡದಲ್ಲಿ, ಅವಳು ಹೇಳಿದ ಹಾಗೆಯೇ ಇತ್ತು. ‘ನೀವು ಬರಬ್ಯಾಡ್ರಿ’ ಎಂಬುದನ್ನೂ ಬರೆದಿದ್ದೆ. ರಿಜಿಸ್ಟರಿನಲ್ಲಿ ನಾನು ಎಂದೂ ಕನ್ನಡ ಬರೆದವನಲ್ಲ. ಮುಂಚೆಯೇ ತುಂಬಿದ್ದರೆ ‘ಸರ್ವ ಸುಖರೂಪ್’ ಎಂದು ತುಂಬುತ್ತಿದ್ದೆ. ಇದನ್ನು ಹೇಳಿದೆ. ಸಾಹೇಬರು ಹಳೆಯ ಮೆಮೋ ತೆಗೆದು ಮೇಜಿನ ಮೇಲಿಟ್ಟರು.

ಅವರು ಬರೆದು ತಂದಿದ್ದ ಕಾಗದದಲ್ಲಿ ಎರಡೇ ಮಾತಿತ್ತು. ಕಾರ್ಯಕರ್ತೆ ನಿಯಮ ಮುರಿದು, ಎರಡರ ನಂತರ ಸಂಪರ್ಕಿಸದೆ ಹಳ್ಳ ದಾಟಿದಳು. ನಾಲ್ಕರ ಸಾಲು ನಾನು ರೂಢಿಯಂತೆ ಮುಂಚಿತವಾಗಿ ತುಂಬಿದ್ದು. ಸಹಿ ಮಾಡಿದರೆ ನೌಕರಿ ಉಳಿಯುತ್ತದೆ ಎಂದರು. ಸತ್ತ ಹುಡುಗಿ ಸತ್ತ ಫೋನಿನಲ್ಲಿ ಮಾತಾಡಿದಳು ಎಂದು ಹಟ ಹಿಡಿದರೆ ಯಾವ ಆಸ್ಪತ್ರೆಗೆ ಹೋಗಬೇಕಾಗುತ್ತದೆ ಎಂದೂ ನಗುತ್ತ ಹೇಳಿದರು. ನಾನು ಹೇಡಿ. ಸಹಿ ಮಾಡಿದೆ. ಒಂದೇ ಸಹಿಯಲ್ಲಿ ತಪ್ಪೆಲ್ಲ ಅವಳದಾಯಿತು, ಫೋಟೋ ಕೇಳಿದವರು ಊಟ ಮುಗಿಸಿ ಪುಣೆಗೆ ಹೋದರು.

ನನಗೆ ಇನ್ನೂ ಒಂದು ಲೆಕ್ಕ ಬಿಡುವುದಿಲ್ಲ. ನಾಲ್ಕಕ್ಕೆ ಆ ಮಾತು ಕೇಳಿಸದಿದ್ದರೆ ನಾನು ಗಾಡಿ ಹತ್ತುತ್ತಿದ್ದೆ. ನೀರಿನ ಕೆಳಗೆ ಸೇತುವೆ ಇಲ್ಲದ ಆ ಜಾಗಕ್ಕೆ ಸರಿಯಾಗಿ ಐದರ ಹೊತ್ತಿಗೆ, ತಡೆಯುವವರು ಯಾರೂ ಬರುವ ಮುಂಚೆ, ಮುಟ್ಟುತ್ತಿದ್ದೆ.

ಅವಳ ಚೀಲ, ಗುರುತಿನ ಚೀಟಿ ಕೊಡಲು ವಾಗದರಿಗೆ ಹೋದೆ. ಅವಳ ತಾಯಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದರು. ಯಾಕೋ ತಡೆಯಲಾಗದೆ ನಾಲ್ಕರ ಫೋನಿನ ಮಾತು ಹೇಳಿಬಿಟ್ಟೆ. ಹೊತ್ತಿನ ವಿಷಯ ಬಿಡಿಸಿ ಹೇಳಲಿಲ್ಲ, ಕೊನೆಯ ಮಾತು ಅಷ್ಟೇ ಹೇಳಿದೆ. ಅವರ ಕೈ ನಿಂತಿತು.

‘ಸಣ್ಣಾಕಿ ಇದ್ದಾಗಿಂದ ಆಕಿ ಹಂಗs ರೀ’ ಎಂದರು. ‘ಹೊಲದಾಗ ಮುಂದ ಹೋಗಾಕಿ. ಹಾವು ಕಂಡ್ರ ಚೀರ್ತಿದ್ದಿಲ್ಲ. ಏನಿಲ್ಲವ್ವಾ, ನಾ ಆರಾಮ ಅದೀನಿ, ನೀ ಬರಬ್ಯಾಡ ಅಂತಿದ್ಲು.’

ಮತ್ತೆ ಶೇಂಗಾ ಕೈಗೆತ್ತಿಕೊಂಡು ಕೇಳಿದರು, ‘ಆಕಿ ಹೇಳದs ಕೇಳದs ಹ್ವಾದ್ಲು ಅಂತ ಮಂದಿ ಆಡ್ತಾರ್ರಿ. ಫೋನ್ ಮಾಡಿದ್ಲು ಅಂತ ನೀವು ಆಫೀಸಿನಾಗ ಬರದೀರಿಲ್ಲ?’

ಯಾರ ಧ್ವನಿ ಕೇಳಿದೆನೋ, ಕೇಳಿದ್ದು ಧ್ವನಿಯೇ ಹೌದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ತಾಯಿಗೆ ನಾನು ಏನು ಹೇಳಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ.

‘ಬರದೀನ್ರಿ ಅವ್ವಾ. ಕೆಳಗ ಸಹಿನೂ ಮಾಡೀನಿ’ ಎಂದೆ.