ತುಳಿದದ್ದೋ, ತಳ್ಳಿದ್ದೋ

ಯಾವುದನ್ನೂ ಸಾಕ್ಷಿಯಿಲ್ಲದೆ ನಂಬುವವಳಲ್ಲ ನಾನು. ಭದ್ರಾವತಿಯ ನ್ಯೂ ಟೌನ್‌ನಲ್ಲಿ ನನ್ನ ಗೆಳತಿಯ ಚಾಚಾ ಶೆಡ್ಡಿನ ಮೂಲೆಯ ಸೈಕಲ್ ತೋರಿಸಿ "ಅಸಲಿ ವಿಲಾಯ್ತಿ" ಎಂದಾಗ, ಡೀಸೆಲ್ ಬಟ್ಟೆ ಹಿಡಿದು ಸೀಟಿನ ಕೆಳಗಿನ ಕೊಳವೆ ಉಜ್ಜಿದೆ. ಜಿಡ್ಡಿನಡಿಯಿಂದ ‘ಮೇಡ್ ಇನ್ ಇಂಗ್ಲೆಂಡ್’ ಎದ್ದು ಬಂತು. ವಾದ ಸೋತ ಖುಷಿಗೆ ಶೆಡ್ಡಿನಲ್ಲೇ ಕುಣಿದೆ. ಗೋಪಾಳದ ನಮ್ಮ ಮನೆಯಲ್ಲಿ ಆಗಲೇ ಇಂಥ ಎರಡಿದ್ದವು. ಒಂದರ ಮೇಲೆ ಅಮ್ಮ ಬಟ್ಟೆ ಒಣಹಾಕುತ್ತಿದ್ದಳು.

ಚಾಚಾ ಮನೆ ಬದಲಿಸುವವರಿದ್ದರು. ಶೆಡ್ಡಿನ ಸಾಮಾನೆಲ್ಲ ಮರುದಿನ ಗುಜರಿಗೆ.

"ಸುಮ್ನೆ ಕೊಡಲ್ಲ ಬೇಟಿ. ನೀವು ಶೋಕಿಗೆ ಗೋಡೆಗೆ ನೇತಾಕೋ ಜನ. ರಿಪೇರಿ ಮಾಡಿ, ನಿಮ್ಮನೆ ದಾರೀಲಿ ಮಲವಗೊಪ್ಪದ ತನಕ ತುಳ್ಕೊಂಡು ಬಾ, ಅಲ್ಲಿ ಕಾಯ್ತಿರ್ತೀನಿ; ಸೈಕಲ್ ನಿಂದು. ತಳ್ಕೊಂಡು ಬಂದ್ರೆ ಗುಜರಿಗೆ."

ಪೆಡಲಿನ ತೋಳುಗಳನ್ನು ಅಚ್ಚಿಗೆ ಬಿಗಿಯುವ ಎರಡು ಕಾಟರ್ ಪಿನ್ನುಗಳನ್ನು ಬಿಚ್ಚಿ, ತಿಕ್ಕಿ, ಮತ್ತೆ ಹೊಡೆಯಬೇಕಿತ್ತು.

"ಒಂದು ಮೇಲಿಂದ, ಒಂದು ಕೆಳಗಿಂದ ಕಣೇ," ಎಂದಳು ಗೆಳತಿ.

"ಯಾಕೆ? ಎರಡು ಕಾಲಿಗೂ ಒಂದೇ ನ್ಯಾಯ."

"ಇದು ಕಾಲೇಜು ಸ್ಟೇಜಲ್ಲ ಮಾರಾಯ್ತಿ."

ಕಾರಣ ಕೇಳಿದರೆ ಅವಳ ಬಳಿ ಇರಲಿಲ್ಲ. ಚರ್ಚಾಸ್ಪರ್ಧೆಯ ನಿಯಮದಂತೆ ನಾನು ಗೆದ್ದೆ. ಎರಡನ್ನೂ ಮೇಲಿನಿಂದಲೇ ಹೊಡೆದೆ.

ಸೈಕಲ್ ಆ ತೀರ್ಪನ್ನು ಒಪ್ಪಲಿಲ್ಲ. ಒಂದು ಪೆಡಲ್ ತಳ ಮುಟ್ಟಿದರೂ ಇನ್ನೊಂದು ತುದಿಗೇರಿರುತ್ತಿರಲಿಲ್ಲ. ಕುಂಟು ಬಾತುಕೋಳಿಯ ಹಾಗೆ ಎದ್ದು ಬಿದ್ದು ತುಳಿದೆ. ಬಸ್ಸಿನ ಕಿಟಕಿಗಳಲ್ಲಿ ತಲೆಗಳು. ಪಕ್ಕದಲ್ಲಿ ಸ್ಕೂಟರ್ ಓಡಿಸುತ್ತಿದ್ದ ಗೆಳತಿಗೆ ನಗು ತಡೆಯಲಾಗುತ್ತಿರಲಿಲ್ಲ, ನನಗಂತೂ ನಕ್ಕು ನಕ್ಕು ಬೆಲ್ಲಿನ ಮೇಲೆ ಬೆರಳು ನಿಲ್ಲುತ್ತಿರಲಿಲ್ಲ. ಆದರೂ ಏನು ಓಟ ಅದು! ಎದುರಿಗೆ ಯಾರಿಲ್ಲದಿದ್ದರೂ ಬೆಲ್ ಬಾರಿಸಿದೆ. ಎಮ್ಮೆಗೂ ಬಾರಿಸಿದೆ.

ಮಲವಗೊಪ್ಪದ ಹತ್ತಿರ ಸಣ್ಣ ಏರು. ಮೇಲೆ, ಟೀ ಅಂಗಡಿಯ ಮುಂದೆ ಚಾಚಾ ಲೋಟ ಹಿಡಿದು ನಿಂತಿದ್ದರು. ಅಲ್ಲೇ ಎಡಗಡೆಯ ಪಿನ್ನು ಸಡಿಲವಾಗಿ ಪೆಡಲ್ ಜೋತುಬಿತ್ತು. ಬಲಗಾಲೊಂದರಲ್ಲೇ ತುಳಿದೆ. ಇನ್ನೇನು ನೆಲಕ್ಕೆ ಕಾಲೂರಬೇಕು, ಬೆನ್ನ ಮೇಲೆ ಗೆಳತಿಯ ಎಡಗೈ ಬಂತು.

"ತಳ್ಳಿಸ್ಕೊಂಡು ಬಂದ್ಯಲ್ಲ ಬೇಟಿ," ಎಂದರು ಚಾಚಾ.

"ಸೈಕಲ್ನ ಯಾರೂ ಮುಟ್ಟಿಲ್ಲ ಚಾಚಾ. ನಾನು ಸೈಕಲ್ ತುಳಿದೆ, ಅವಳು ನನ್ನ ತಳ್ಳಿದಳು. ನೀವು ಷರತ್ತು ಹಾಕಿದ್ದು ಸೈಕಲ್ಲಿಗೆ. ನನಗಲ್ಲ."

ಚಾಚಾ ಅಣ್ಣನ ಮಗಳ ಮುಖ ನೋಡಿದರು. ಪ್ರತಿ ಚರ್ಚೆಯಲ್ಲೂ ನನ್ನ ಎದುರಾಳಿಯಾದವಳು ಸ್ಕೂಟರಿನ ಕನ್ನಡಿ ಒರೆಸುತ್ತ, "ಪಾಯಿಂಟ್ ಇದೆ ಚಾಚಾ," ಎಂದಳು.

ಅವರು ಬಗ್ಗಿ ಜೋತುಬಿದ್ದ ಪೆಡಲ್ ಅಲ್ಲಾಡಿಸಿದರು. "ಎರಡೂ ಮೇಲಿಂದ ಹೊಡ್ದವರು ಯಾರು?"

ಜಿಡ್ಡು ಮೆತ್ತಿದ ಕೈ ಎತ್ತಿದೆ.

"ವಾದ ಮಾಡಿದ ಬಾಯಿಗೆ ಸೈಕಲ್ ಕೊಟ್ಟೆ, ತಗೋ. ಪಿನ್ನು ಹೊಡ್ದ ಕೈಗೆ ಸಜಾ: ಇಲ್ಲಿಂದ ಗೋಪಾಳದ ತನಕ ತಳ್ಕೊಂಡೇ ಹೋಗು."

ತಳ್ಳಿದೆ. ದಾರಿಯುದ್ದಕ್ಕೂ ಬೆಲ್ ಬಾರಿಸುತ್ತ.