ದಡ ಹತ್ಲಿ

ಬಂದೂಕಿನ ವಿಡಿಯೋ ಗೇಮ್‌ಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಕುಂದಾಪುರದ ಫ್ಲೆಕ್ಸ್ ಅಂಗಡಿಯಲ್ಲಿ ಕೂತು, ದಿನವಿಡೀ ಬೇರೆಯವರ ಫೋಟೋಕ್ಕೆ ಹುಟ್ಟುಹಬ್ಬದ ಶುಭಾಶಯವೋ ಶ್ರದ್ಧಾಂಜಲಿಯೋ ಅಂತ ಅಕ್ಷರ ಕೂರಿಸುವವನಿಗೆ ತನ್ನದು ಅಂತ ಹೇಳಿಕೊಳ್ಳಲು ಮತ್ತೇನಿದೆ? ವರ್ಷಕ್ಕೊಂದು ಹೊಸ ಆಟ ಬರುತ್ತದೆ. ಹೊಸದು ಅನ್ನುವುದು ಹೆಸರಿಗೆ ಮಾತ್ರ. ಹಳೆಯ ಗೋಡೆಗೇ ಸುಣ್ಣ ಬಳಿದು, ಹೆಸರಿನ ಹಿಂದೆ ಒಂದು ಅಂಕಿ ಸೇರಿಸಿ, ಪೂರ್ತಿ ಬೆಲೆಗೆ ಮಾರುತ್ತಾರೆ. ಯುದ್ಧವಂತೆ, ಘೋರವಂತೆ! ಸೈನಿಕನ ಬಂದೂಕಿಗೆ ಗುಲಾಬಿ ಬಣ್ಣ, ಹೆಲ್ಮೆಟ್ಟಿಗೆ ಬೆಕ್ಕಿನ ಕಿವಿ, ಅದಕ್ಕೆ ಬೇರೆಯೇ ದುಡ್ಡು. ಇಯರ್‌ಫೋನ್ ಹಾಕಿಕೊಂಡರೆ ಮೀಸೆ ಬಾರದ ಮಕ್ಕಳು ನಮ್ಮ ತಾಯಿ ತಂಗಿಯರನ್ನೆಲ್ಲ ಎಳೆದು ತಂದು ಬೈಯುತ್ತಾರೆ. ಥೂ, ಇದರ ಸಹವಾಸವೇ ಬೇಡ ಅಂತ ಎಷ್ಟೋ ಸಲ ಫೋನಿನಿಂದ ತೆಗೆದು ಹಾಕಿದ್ದೇನೆ. ಎಷ್ಟೋ ಸಲ ಮತ್ತೆ ಹಾಕಿಕೊಂಡಿದ್ದೇನೆ. ಹಾಕಿಕೊಂಡದ್ದೆಲ್ಲ ಬಾವನಿಗಾಗಿ.

ಬಾವ ಅಂದರೆ ಅಕ್ಕನ ಗಂಡ. ಮನೆ ಉಪ್ಪುಂದದಲ್ಲಿ, ಜಗಲಿಯಲ್ಲಿ ಕೂತರೆ ಕಡಲಿನ ಸದ್ದು ಕೇಳುತ್ತದೆ. ಗಂಗೊಳ್ಳಿಯಿಂದ ಹೊರಡುವ ಒಂದು ಬೋಟಿನಲ್ಲಿ ಅವರು ಕಲಾಸಿ, ಅಂದರೆ ಬಲೆ ಬಿಟ್ಟು ಎಳೆಯುವ ಕೆಲಸ. ಮಳೆಗಾಲದಲ್ಲಿ ಬೋಟುಗಳು ಮೀನಿಗೆ ಹೋಗಬಾರದು ಅಂತ ಸರ್ಕಾರದ ನಿಷೇಧ ಇದೆಯಲ್ಲ, ಆಗ ಬೋಟೆಲ್ಲ ದಡಕ್ಕೆ, ಬಾವ ಮನೆಗೆ. ಹರಿದ ಬಲೆ ಸರಿ ಮಾಡುವ ಕೆಲಸ ಮುಗಿದ ಮೇಲೆ ಅವರಿಗೆ ಕೈಕಾಲು ನಿಲ್ಲುತ್ತಿರಲಿಲ್ಲ. ಅಡುಗೆಮನೆಗೆ ಬಂದು ಮೀನು ಸಾರಿನ ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದರಂತೆ. ಒಂದು ದಿನ ಅಕ್ಕ ಫೋನ್ ಮಾಡಿ ಗೋಗರೆದಳು:

"ಹ್ವಾಯ್, ನಿನ್ ಬಾವಂಗೆ ಎಂತಾರೂ ಒಂದ್ ಆಟ ಹಾಕಿ ಕೊಡ್ ಮರಾಯ. ಇಲ್ದಿರೆ ನಂಗೆ ಮರ್ಲ್ ಹಿಡಿತ್ತ್."

ಆಗ ನನ್ನ ಫೋನಿನಲ್ಲಿದ್ದದ್ದು ಇದೇ ಬಂದೂಕಿನ ಆಟ. ವಿಮಾನದಿಂದ ಜಿಗಿಯಬೇಕು, ಖಾಲಿ ಮನೆಗಳಿಗೆ ನುಗ್ಗಿ ಬಂದೂಕು ಮದ್ದು ಹೆಕ್ಕಬೇಕು, ಕಂಡವರನ್ನು ಹೊಡೆಯಬೇಕು, ಕಡೆಯ ತನಕ ಉಳಿದ ತಂಡ ಗೆದ್ದ ಹಾಗೆ. ತಂಡಕ್ಕೆ ನಾಲ್ಕು ಜನ. ನಾವಿಬ್ಬರು, ಜೊತೆಗೆ ಎಲ್ಲಿಯವರೋ ಇಬ್ಬರು. ಭಾನುವಾರ ನಾನು ಉಪ್ಪುಂದಕ್ಕೆ ಹೋದರೆ ಜಗಲಿಯಲ್ಲಿ ಇದೇ ಕೆಲಸ. ಬಾವ ಅಲ್ಲಿಯೂ ಬೋಟಿನ ಲೆಕ್ಕವನ್ನೇ ಹಿಡಿದರು. ಹೆಕ್ಕಿದ್ದನ್ನೆಲ್ಲ ಒಂದು ಕೋಣೆಯಲ್ಲಿ ರಾಶಿ ಹಾಕಿ ನಾಲ್ಕು ಪಾಲು ಮಾಡುವುದು. ಗುರುತಿಲ್ಲದ ಆ ಇಬ್ಬರನ್ನು, ಚಿಕ್ಕಂದಿನಲ್ಲಿ ಮುಂಬಯಿಯ ಹೋಟೆಲಿನಲ್ಲಿ ಕಲಿತ ಹಿಂದಿಯಲ್ಲಿ ಕೂಗುವುದು: "ಅರೇ ಭಾಯ್, ತೇರಾ ಪಾಲ್ ಲೇಕೆ ಜಾ!" ಆ ಕಡೆಯವರಿಗೆ ಪಾಲು ಅಂದರೇನು ಅಂತಲೇ ತಿಳಿಯುತ್ತಿರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನಗು ನಿಲ್ಲುತ್ತಿದ್ದದ್ದು ಹೊಳೆಯ ಹತ್ತಿರ. ಆಟದ ಬಯಲು ಸಣ್ಣದಾಗುತ್ತಾ ಬಂದಂತೆ ಎಲ್ಲರೂ ಒಂದು ಹೊಳೆ ದಾಟಲೇಬೇಕು. ಈಜುವವನು ಬಂದೂಕು ಎತ್ತುವಂತಿಲ್ಲ. ಮೊದಲು ದಾಟಿ ಈಚೆ ದಡದಲ್ಲಿ ಕಾದು ಕೂತವರಿಗೆ ಅದು ಪುಕ್ಕಟೆ ಬೇಟೆ. ಆಡುವವರೆಲ್ಲ ಮಾಡುವುದೂ ಅದನ್ನೇ. ಮೊದಲ ಸಲ ಬಾವನ ಎದುರಿಗೇ ಒಬ್ಬ ತಲೆ ಮೇಲೆ ಕೆಳಗೆ ಮಾಡುತ್ತಾ ಈಜಿ ಬರುತ್ತಿದ್ದ.

"ಹೊಡಿನಿ ಬಾವ, ಹೊಡಿನಿ!" ಅಂತ ನಾನು ಬೊಬ್ಬೆ ಹೊಡೆದೆ.

"ನೀರಗಿದ್ದೋನಿಗಾ? ದಡ ಹತ್ಲಿ ಮರಾಯ, ಮತ್ತ್ ಕಾಂಬ."

ಅವನು ದಡ ಹತ್ತಿದ. ಹತ್ತಿದವನೇ ನಮ್ಮಿಬ್ಬರನ್ನೂ ಹೊಡೆದು ಮಲಗಿಸಿದ. ಗುರುತಿಲ್ಲದ ಇಬ್ಬರು ಹಿಂದಿಯಲ್ಲಿ ಬಾವನ ಜನ್ಮ ಜಾಲಾಡಿದರು. ನಾನೂ ರೇಗಿದೆ. ಇದು ಆಟ, ಅವನು ನಿಜವಾಗಿ ನೀರಿನಲ್ಲಿಲ್ಲ, ಎಲ್ಲಿಯೋ ಫ್ಯಾನಿನ ಕೆಳಗೆ ಕೂತು ಚಿಪ್ಸ್ ತಿನ್ನುತ್ತಿದ್ದಾನೆ ಅಂತ ವಿವರಿಸಿದೆ. ಬಾವನಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಬೆರಳು ಹೋಗುವುದಿಲ್ಲ ಅಂದರು.

ಈ ಕಡಲಿನಲ್ಲಿ ಬೋಟಿನವರಿಗೆ ಜಗಳ ಇಲ್ಲದ ದಿನ ಇಲ್ಲ. ಒಬ್ಬರ ಬಲೆಯ ಮೇಲೆ ಇನ್ನೊಬ್ಬರ ಬೋಟ್ ಹೋಯಿತು ಅಂತ ಜೆಟ್ಟಿಯಲ್ಲಿ ಕೈ ಕೈ ಮಿಲಾಯಿಸುತ್ತಾರೆ. ಆದರೆ ನೀರಿಗೆ ಬಿದ್ದವನನ್ನು ಕಂಡರೆ ಅವನ ಊರು ಕೇಳುವುದಿಲ್ಲ, ಬೋಟ್ ಯಾವುದು ಅಂತ ನೋಡುವುದಿಲ್ಲ. ಮೊದಲು ಹಗ್ಗ ಬಿಸಾಡುವುದು, ಬೈಯುವುದು ಆಮೇಲೆ. ಒಮ್ಮೆ ತಮ್ಮ ಬಲೆಯನ್ನು ಹರಿದು ಹಾಕಿದ್ದ ಬೋಟಿನವನನ್ನೇ ಬಾವ ನೀರಿನಿಂದ ಎತ್ತಿದ್ದರು. ಬಿಸಿ ಗಂಜಿ ಕೊಟ್ಟು, ಒಣಗಿದ ಅಂಗಿ ಕೊಟ್ಟು, ಅಲ್ಲಿಂದ ಜೆಟ್ಟಿ ಮುಟ್ಟುವ ತನಕ ಬಾಯಿಗೆ ಬಂದ ಹಾಗೆ ಬೈದರಂತೆ. ಅವನೂ ಗಂಜಿ ಕುಡಿಯುತ್ತಾ ಕೇಳಿಸಿಕೊಂಡನಂತೆ. ಈ ಕತೆ ಕೇಳಿದ ಮೇಲೆ ನಾನು ವಾದ ಬಿಟ್ಟೆ. ಆ ವರ್ಷ, ಅದರ ಮುಂದಿನ ವರ್ಷ, ನಿಷೇಧದ ದಿನಗಳಲ್ಲೆಲ್ಲ ಆಡಿದೆವು. ಪ್ರತಿ ಸಲವೂ ಹೊಳೆಯ ಹತ್ತಿರ "ದಡ ಹತ್ಲಿ", ಪ್ರತಿ ಸಲವೂ ನಾವು ಠುಸ್. ಗೆಲ್ಲದೆ ಇದ್ದರೂ ಆ ಆಟ ನನಗೆ ಯಾಕೆ ಅಷ್ಟು ಖುಷಿ ಕೊಡುತ್ತಿತ್ತು ಅಂತ ಆಗ ಯೋಚಿಸಿರಲಿಲ್ಲ.

ಸಣ್ಣ ಆಟಗಳ ಬಗ್ಗೆಯೂ ಹೇಳಬೇಕು, ನನ್ನ ನಿಜವಾದ ಮೋಹ ಅದು. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬರೋ ಇಬ್ಬರೋ ಕೂತು ಮಾಡಿದ ಇಂಡೀ ಆಟಗಳು. ಅದರಲ್ಲೊಂದು ಮೀನುಗಾರನ ಆಟವನ್ನು ಬಾವ ಕುಂದಾಪುರಕ್ಕೆ ಬಂದಾಗ ನನ್ನ ಕಂಪ್ಯೂಟರಿನಲ್ಲಿ ತೋರಿಸಿದ್ದೆ. ಒಬ್ಬ ಮನುಷ್ಯ, ಒಂದು ಪುಟ್ಟ ಬೋಟ್, ಸುತ್ತ ಕಡಲು.

"ಒಬ್ಬನೇ ಹೋತ್ನಾ? ಅವಂಗೆ ತಲಿ ಸಮ ಇಲ್ಯಾ?" ಅಂದರು ಬಾವ. ಸ್ವಲ್ಪ ಹೊತ್ತಿಗೆ ಇನ್ನೊಂದು ತಕರಾರು: "ಐಸ್ ಎಲ್ಲಿತ್ತ್? ಮೀನ್ ಹಾಳಾತಿಲ್ಯಾ?" ಆದರೆ ಬೋಟ್ ನಿಲ್ಲಿಸಿ ಅಲೆಯನ್ನೇ ತುಂಬ ಹೊತ್ತು ನೋಡಿ, "ನೀರ್ ಮಾತ್ರ ಲಾಯ್ಕ್ ಮಾಡಿರ್" ಅಂತ ಮೆಚ್ಚಿದರು. ಇಂಟರ್‌ನೆಟ್ಟಿನಲ್ಲಿ ಉದ್ದುದ್ದ ವಿಮರ್ಶೆ ಬರೆಯುವವರು ಯಾರೂ ಐಸಿನ ಸುದ್ದಿ ಎತ್ತಿರಲಿಲ್ಲ.

ಇಂಥ ಆಟಗಳನ್ನು ನಾನು ಕೊಳ್ಳುವುದು ಇಂಟರ್‌ನೆಟ್ಟಿನ ಸೇಲಿನಲ್ಲಿ. ಮಳೆಗಾಲದಲ್ಲೊಂದು ದೊಡ್ಡ ಸೇಲ್ ಬರುತ್ತದೆ, ಸರಿಯಾಗಿ ನಮ್ಮ ಆಸಾಡಿ ತಿಂಗಳಿಗೆ. ಜವುಳಿ ಅಂಗಡಿಯವರ ಆಷಾಢ ರಿಯಾಯಿತಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಬೇಡವಾದದ್ದನ್ನು ಅಗ್ಗಕ್ಕೆ ಸಿಕ್ಕಿತು ಅಂತ ಮನೆಗೆ ತುಂಬುವುದು. ಆಡದೆ ಬಿದ್ದಿರುವ ಆಟಗಳ ಪಟ್ಟಿ ನನ್ನಲ್ಲಿ ಎಷ್ಟುದ್ದ ಇದೆಯೆಂದರೆ, ಅದರಲ್ಲಿ ಒಂದನ್ನು ಆರಿಸುವುದರಲ್ಲೇ ಭಾನುವಾರ ಮುಗಿಯುತ್ತದೆ. ಅಕ್ಕನ ಕಪಾಟಿನ ಸೀರೆಗಳನ್ನು ನಾನೊಮ್ಮೆ ತಮಾಷೆ ಮಾಡಿದ್ದಕ್ಕೆ ಅವಳು ಬಿಡಲಿಲ್ಲ: "ನನ್ ಸೀರಿ ಉಡೂಕಾರೂ ಆತ್ತ್. ನಿನ್ ಆಟ ಎಂತಕಾತ್ತ್?" ಎಂತಕ್ಕೂ ಆಗುವುದಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ಹೋದ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಬಾವ ಹೋಗಿದ್ದ ಬೋಟಿನ ಅಡಿ ಒಡೆದು ನೀರು ನುಗ್ಗಿತು. ಬೆಳಗಿನ ಹೊತ್ತು. ಉಳಿದವರು ಹಲಗೆ ಹಿಡಿದು ಒಂದು ಕಡೆ ತೇಲಿದರು. ಬಾವ ಮತ್ತು ಜೊತೆಯ ಇನ್ನೊಬ್ಬ ಕಲಾಸಿ ಖಾಲಿ ಡೀಸೆಲ್ ಕ್ಯಾನೊಂದನ್ನು ಅಪ್ಪಿಕೊಂಡು ಬೇರೆಯೇ ಕಡೆ ಹೋದರು. ಮಧ್ಯಾಹ್ನದ ಹೊತ್ತಿಗೆ ಒಂದು ನಾಡದೋಣಿಯವರು ಬಾವನನ್ನು ಎತ್ತಿ ತಂದರು. ಆ ಇನ್ನೊಬ್ಬ ಸಿಗಲಿಲ್ಲ. ಮರುದಿನ ದೂರದ ದಡದಲ್ಲಿ ಸಿಕ್ಕಿದ.

ಅವನ ಶ್ರದ್ಧಾಂಜಲಿ ಫ್ಲೆಕ್ಸ್ ನಮ್ಮ ಅಂಗಡಿಗೇ ಬಂತು. ಮನೆಯವರು ಕೊಟ್ಟ ಫೋಟೋದಲ್ಲಿ ಅವನು ಬಾವನ ಪಕ್ಕದಲ್ಲಿ ನಿಂತು ನಗುತ್ತಿದ್ದ, ಬಾವ ಅವನ ಹೆಗಲ ಮೇಲೆ ಕೈ ಹಾಕಿದ್ದರು. ಬಾವನನ್ನು ಕತ್ತರಿಸಿ ತೆಗೆದೆ. ಬೆರಳುಗಳು ಮಾತ್ರ ಹೆಗಲ ಮೇಲೆ ಉಳಿದವು. ಅವುಗಳ ಮೇಲೆ ಅಂಗಿಯ ಬಣ್ಣ ಬಳಿದು ಒಂದೊಂದಾಗಿ ಅಳಿಸಿದೆ.

ಬಾವನ ಮೈಗೆ ಏನೂ ಆಗಿರಲಿಲ್ಲ. ಬ್ರಹ್ಮಾವರದ ಡಾಕ್ಟರು ನೋಡಿ ಎಲ್ಲ ಸರಿ ಇದೆ ಅಂದರು. ಅಕ್ಕ ಹರಕೆ ಹೊತ್ತಿದ್ದಳು, ಕೊಲ್ಲೂರಿಗೆ ಕರೆದುಕೊಂಡು ಹೋಗಿ ಬಂದಳು. ಆದರೆ ಅವರು ಮತ್ತೆ ಬೋಟ್ ಹತ್ತಲಿಲ್ಲ. ಜೆಟ್ಟಿಯ ಕಡೆಗೂ ಹೋಗಲಿಲ್ಲ. ಅಡುಗೆಮನೆಗೆ ಬಂದು ಮುಚ್ಚಳ ತೆಗೆಯುವುದೂ ನಿಂತಿತು. ಮೊದಲು ಹುಚ್ಚು ಹಿಡಿಯುತ್ತದೆ ಅಂದವಳೇ ಈಗ ಸಾರಿನ ಪಾತ್ರೆಯ ಎದುರು ನಿಂತು ಅಳುತ್ತಿದ್ದಳು. "ಅವ್ರ್ ಕಡಲಿಗೆ ಹೋಪ್ದ್ ಬ್ಯಾಡ ಮರಾಯ. ಮುಂಚಿನಾಂಗೆ ಆರೆ ಸಾಕ್" ಅಂತ ನನಗೆ ಹೇಳುತ್ತಿದ್ದಳು. ನನಗೂ ಬೇಕಾಗಿದ್ದದ್ದು ಅಷ್ಟೇ. ಪಾಲು ಹಂಚುವ, ಐಸ್ ಎಲ್ಲಿ ಅಂತ ಕೇಳುವ ನನ್ನ ಹಳೆಯ ಬಾವ.

ಒಂದು ಸಂಜೆ ಜಗಲಿಯಲ್ಲಿ ನಾವಿಬ್ಬರೇ ಇದ್ದಾಗ, ನಾನು ಕೇಳದೆಯೇ ಅವರು ಹೇಳಿದರು.

"ಆ ದಿನ ಒಂದ್ ಬೋಟ್ ಹತ್ರವೇ ಬಂದಿತ್. ಹಿಂದೆ ಒಬ್ಬ ನಿಂತಿದ್ದ. ನಮ್ಮನ್ ಕಂಡ. ಕಂಡ್ ಒಳಗ್ ಹೋದ."

"ಅಲೆ ಮಧ್ಯ ಕಾಣ್ಲಿಲ್ಯೋ ಏನೋ ಬಾವ" ಅಂದೆ.

"ಅವ ಹಾಕಿದ್ದ್ ಹಳದಿ ಅಂಗಿ. ಎದೆ ಮೇಲಿನ್ ಗುಂಡಿ ಹಾಕಿರ್ಲಿಲ್ಲೆ. ನಂಗೆ ಅಷ್ಟ್ ಕಂಡಿತ್. ಅವಂಗೆ ಎರಡ್ ತಲಿ ಕಾಣ್ಲಿಲ್ಯಾ?"

ಬಾವ ಕೈಗಳನ್ನು ತಿರುಗಿಸಿ ನೋಡಿಕೊಂಡರು.

"ಬೋಟ್ ಹೋದ್ ಮೇಲೆ ನನ್ ಒಟ್ಟಿಗಿದ್ದವ ಕ್ಯಾನ್ ಬಿಟ್ಟ. ಕೈ ಸೋತದ್ದಲ್ಲ ಮರಾಯ. ಬಿಟ್ಟದ್ದ್."

ಅಕ್ಕನಿಗೆ ಇದನ್ನು ಅವರು ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಆ ಬೋಟ್ ಯಾವುದು, ಯಾವ ಬಂದರಿನದು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಈ ವರ್ಷ ಮಳೆಗಾಲ ಬಂತು, ನಿಷೇಧ ಬಂತು, ಆಸಾಡಿಯ ಸೇಲೂ ಬಂತು. ಊರಿನ ಗಂಡಸರೆಲ್ಲ ಮನೆಯಲ್ಲಿ ಕೂತದ್ದರಿಂದ ಬಾವ ಮನೆಯಲ್ಲಿ ಕೂತದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಸೇಲಿನಲ್ಲಿ ಹುಡುಕಿ ಹುಡುಕಿ ಸಣ್ಣ ಆಟಗಳನ್ನು ಕೊಂಡೆ. ಕಡಲಿಲ್ಲದವು, ದೋಣಿಯಿಲ್ಲದವು. ಗಿಡಕ್ಕೆ ನೀರು ಹಾಕುವುದು, ಚಹಾ ಅಂಗಡಿ ನಡೆಸುವುದು, ಹಳೆ ರೇಡಿಯೋ ಬಿಚ್ಚಿ ಜೋಡಿಸುವುದು. ಮನಸ್ಸಿಗೆ ಶಾಂತಿ ಕೊಡುವ ಆಟ ಅಂತ ಎಲ್ಲದರ ಮೇಲೂ ಬರೆದಿರುತ್ತದೆ. ಶಾಂತಿಯಂತೆ, ಮಣ್ಣಾಂಗಟ್ಟಿ! ದುಃಖವನ್ನು ಹೇಗೆ ಮಾರಬೇಕು ಅಂತ ಇವರೂ ಕಲಿತುಬಿಟ್ಟಿದ್ದಾರೆ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಒಂದೊಂದನ್ನೇ ಬಾವನ ಮುಂದೆ ಇಟ್ಟೆ. ನನಗೆ ಬೇಜಾರಾಗಬಾರದು ಅಂತ ಸ್ವಲ್ಪ ಹೊತ್ತು ಗಿಡಕ್ಕೆ ನೀರು ಹಾಕಿದರು. ಕೂತಲ್ಲೇ ತೂಕಡಿಸಿದರು. ಒಂದು ತಪ್ಪನ್ನೂ ಹುಡುಕಲಿಲ್ಲ.

ಕಡೆಗೆ ಒಂದು ಭಾನುವಾರ ಅವರೇ ಕೇಳಿದರು: "ಆ ಮುಂಚಿನ್ ಆಟ ಇತ್ತಾ?"

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಳಗಿನಿಂದ ಅಕ್ಕ ಇಣುಕಿ ನೋಡಿ, ಕಣ್ಣಲ್ಲೇ ಕೈಮುಗಿದ ಹಾಗೆ ಮಾಡಿ, ಚಹಾಕ್ಕೆ ನೀರಿಡಲು ಹೋದಳು. ಇಬ್ಬರ ಫೋನಿಗೂ ಆಟ ಹಾಕಿದೆ. ವಿಮಾನದಿಂದ ಜಿಗಿದೆವು. ಬಾವ ಚೆನ್ನಾಗಿಯೇ ಆಡಿದರು. ಪಾಲು ಮಾಡಲಿಲ್ಲ, ಮರೆತಿರಬೇಕು ಅಂದುಕೊಂಡೆ. ಬಯಲು ಸಣ್ಣದಾಯಿತು. ಹೊಳೆ ದಾಟಿ ದಡದ ಕಲ್ಲಿನ ಹಿಂದೆ ಕೂತೆವು. ಎದುರಿನ ತಂಡದಲ್ಲಿ ಒಬ್ಬನೇ ಉಳಿದಿದ್ದ. ಅವನು ನೀರಿಗಿಳಿದ. ತಲೆ ಮೇಲೆ ಕೆಳಗೆ ಮಾಡುತ್ತಾ ನೇರ ನಮ್ಮ ಕಡೆಗೇ ಈಜುತ್ತಿದ್ದ.

ನಾನು ಕಾದದ್ದು ಆ ಮಾತಿಗೆ. ಅದನ್ನು ಕೇಳಿ, ಠುಸ್ ಆಗಿ, ಬೈಸಿಕೊಂಡು, ನಗಬೇಕು ಅಂತ. ಆದರೆ ಬಾವನ ಬಂದೂಕು ಮೇಲೆದ್ದಿತು.

"ಬಾವ, ದಡ ಹತ್ಲಿ" ಅಂದೆ.

ಅಷ್ಟರಲ್ಲಿ ಹೊಡೆದಾಗಿತ್ತು. ಒಂದು ಗುಂಡಲ್ಲ, ತಲೆ ಮುಳುಗಿದ ಮೇಲೂ ಆ ನೀರಿಗೇ ಹೊಡೆದರು, ಮದ್ದು ಮುಗಿಯುವ ತನಕ. ಪರದೆಯ ತುಂಬ ಬಂಗಾರದ ಬಣ್ಣ ಬಂತು. ಇಷ್ಟು ವರ್ಷಗಳಲ್ಲಿ ನಾವು ಗೆದ್ದದ್ದು ಅದೇ ಮೊದಲು. ಗುರುತಿಲ್ಲದ ಇಬ್ಬರು ಶಾಬಾಸ್ ಭಾಯ್ ಅಂತ ಕೂಗಿದರು. ಬಾವ ಫೋನನ್ನು ಕೆಳಗಿಟ್ಟು, "ಗೆದ್ದಾಯ್ತಲಾ" ಅಂದರು. ಅಕ್ಕ ತಂದ ಚಹಾವನ್ನು ಕುಡಿದು, ಸಕ್ಕರೆ ಕಮ್ಮಿ ಆಯಿತು ಅಂತ ಹೇಳಿದರು. ಅವಳಿಗೆ ಅದನ್ನು ಕೇಳಿಯೇ ಕಣ್ಣು ತುಂಬಿತು.

ಅಲ್ಲಿಂದ ಎಲ್ಲವೂ ಬೇಗ ಬೇಗ ಸರಿಹೋಯಿತು. ಜೆಟ್ಟಿಗೆ ಹೋಗಿ ಬರತೊಡಗಿದರು, ಬೇರೊಂದು ಬೋಟಿನವರ ಹತ್ತಿರ ಮಾತಾಡಿಕೊಂಡರು, ಸಾರಿನ ಮುಚ್ಚಳವನ್ನೂ ತೆಗೆದರು. ನಿಷೇಧ ಮುಗಿದ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಗಂಗೊಳ್ಳಿಗೆ ಹೊರಟರು. ಅಕ್ಕ ಮತ್ತು ನಾನು ರಸ್ತೆಯ ತನಕ ಹೋದೆವು. ಬಸ್ಸು ಹತ್ತುವ ಮುಂಚೆ ನಾನು ಒಂದು ಮಾತು ಕೇಳಬೇಕೆಂದಿದ್ದೆ: ಬಾವ, ನಾಳೆ ನೀರಿನಲ್ಲಿ ಒಬ್ಬ ಕಂಡರೆ? ಅವರು ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, "ಬತ್ತೆ ಮರಾಯ" ಅಂತ ಹತ್ತಿಬಿಟ್ಟರು.

ಬಸ್ಸು ತಿರುವು ದಾಟಿದ ಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಎಷ್ಟೋ ತಿಂಗಳ ಮೇಲೆ ನಗುತ್ತಿದ್ದಳು.

"ಮುಂಚಿನಾಂಗೇ ಆಯಿರ್, ಅಲ್ದಾ?" ಅಂತ ಕೇಳಿದಳು.

"ಹೌದಕ್ಕ" ಅಂದೆ.